ಘಾತಚತುರ್ದಶಿಯೂ ತಂದೆಯನ್ನು ಕಳೆದುಕೊಂಡ ಮಗುವೂ

ಭಾದ್ರಪದ ಕೃಷ್ಣಪಕ್ಷದ ತಿಥಿಗಳಲ್ಲಿ ಚತುರ್ದಶಿಯೊಂದನ್ನು ಶಾಸ್ತ್ರಕಾರರು ಬೇರೆಯಾಗಿ ಎತ್ತಿರಿಸಿರುವರು. ಉಳಿದ ತಿಥಿಗಳಲ್ಲಿ ಮೃತರಾದವರಿಗೆ ಆಯಾ ತಿಥಿಯಂದೇ ಮಹಾಲಯ ಶ್ರಾದ್ಧವು ವಿಹಿತವಾಗಿದ್ದರೆ, ಚತುರ್ದಶಿಯು ಶಸ್ತ್ರದಿಂದ ಹತರಾದವರಿಗೆ ಮೀಸಲೆಂದು ಯಾಜ್ಞವಲ್ಕ್ಯ ಸ್ಮೃತಿಯು ಸ್ಪಷ್ಟವಾಗಿ ವಿಧಿಸುತ್ತದೆ. ನಮ್ಮ ಪಂಚಾಂಗಗಳಲ್ಲಿ ‘ಘಾತಚತುರ್ದಶಿ’ ಎಂದು ಅಚ್ಚಾಗುವುದು ಈ ದಿನವೇ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಪಕ್ಷಮಾಸದುದ್ದಕ್ಕೂ ಎಳ್ಳುನೀರಿಗಾಗಿ ಮಠಗಳಿಗೆ ಬರುವವರ ಸಾಲನ್ನು ಕಂಡವರಿಗೆ, ಮರುದಿನದ ಸರ್ವಪಿತೃ ಅಮಾವಾಸ್ಯೆಯ ನೂಕುನುಗ್ಗಲಿಗೆ ಮುನ್ನ ಈ ಒಂದು ದಿನ ಆ ಸಾಲು ತೆಳುವಾಗುವುದು ತಿಳಿದೇ ಇದೆ. ಬಂದ ಕೆಲವರ ಜೊತೆಯಲ್ಲಿ ಕೆಲವೊಮ್ಮೆ ಚಿಕ್ಕ ಮಕ್ಕಳಿರುತ್ತಾರೆ. ಆ ಮಕ್ಕಳ ವಿಷಯವಾಗಿಯೇ ಇಲ್ಲಿ ನಾಲ್ಕು ಮಾತುಗಳನ್ನು ಬರೆಯಲಾಗಿದೆ.

ಶಸ್ತ್ರಹತರೆಂದರೆ ಪುರಾಣಕಾಲದವರೆಂದು ಭಾವಿಸಬೇಕಾಗಿಲ್ಲ. 2007ರ ಜುಲೈ 31ರಂದು ಕಾಶ್ಮೀರದ ಉರಿ ವಿಭಾಗದಲ್ಲಿ ನುಸುಳುಕೋರರೊಡನೆ ಹೋರಾಡಿ ವೀರಗತಿಯನ್ನೈದಿದ ಕರ್ನಲ್ ವಸಂತ ವೇಣುಗೋಪಾಲರು ನಮ್ಮ ಬೆಂಗಳೂರಿನವರೇ. ಅವರಿಗಾಗ ನಲವತ್ತು ವರ್ಷ, ಇಬ್ಬರು ಹೆಣ್ಣುಮಕ್ಕಳು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದು, 11ನೆಯ ತಾರೀಖು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕಣ್ಮುಚ್ಚಿದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಮನೆಯಲ್ಲಿ ಎರಡು ವರ್ಷದ ಆಸುಪಾಸಿನ ಹೆಣ್ಣುಕೂಸು. ಹಿಮಪಾತವು ಶಸ್ತ್ರವಲ್ಲ, ನಿಜ. ಆದರೆ ಗಡಿಯ ಕಾವಲೇ ಅವರನ್ನು ಆ ಎತ್ತರಕ್ಕೆ ಒಯ್ದಿತ್ತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಶಿವಮೊಗ್ಗೆಯ ಹಾಗೂ ಬೆಂಗಳೂರಿನ ಗೃಹಸ್ಥರು, ಸೈನಿಕರೇ ಅಲ್ಲದವರು, ಹೆಂಡತಿ ಮಕ್ಕಳ ಕಣ್ಣೆದುರಿನಲ್ಲಿಯೇ ಗುಂಡಿಗೆ ಬಲಿಯಾದದ್ದನ್ನು ನಾವು ಯಾರೂ ಮರೆತಿಲ್ಲ.

ಸತ್ತವರನ್ನು ಗೌರವಿಸುವುದರಲ್ಲಿ ಈ ನಾಡು ಎಂದೂ ಜಿಪುಣತನ ತೋರಿದ್ದಲ್ಲ. ಬಿ.ಟಿ.ಎಂ. ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ನಡೆದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರ ಕಾಲದ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಉಲ್ಲೇಖವಿದೆ, ನಮ್ಮ ಊರಿನ ಹೆಸರು ಮೊದಲು ಕಾಣಸಿಗುವುದೇ ಒಂದು ಸಾವಿನ ಲೆಕ್ಕದಲ್ಲಿ. ಅದೇ ಬೇಗೂರಿನಿಂದ ತಂದು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ಇನ್ನೊಂದು ವೀರಗಲ್ಲಿನಲ್ಲಿ, ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ಮಡಿದುದನ್ನೂ, ಅದನ್ನು ಕೇಳಿದ ಎರೆಯಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೇಗೂರಿನ ಸುತ್ತಣ ಹನ್ನೆರಡು ಊರುಗಳನ್ನು ದತ್ತಿ ಕೊಟ್ಟುದನ್ನೂ ಕೆತ್ತಿರುವರು. ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನಮ್ಮ ಶಾಸನಗಳಲ್ಲಿ ‘ನೆತ್ತರುಕೊಡಗೆ’ ಎಂಬ ಹೆಸರೇ ಇದೆ. ಈ ಕಾಲದಲ್ಲಿಯೂ ಪಿಂಚಣಿಯುಂಟು, 1971ರ ಯುದ್ಧದ ನಂತರ ಪ್ರಾರಂಭವಾದ ಮಕ್ಕಳ ವಿದ್ಯಾಭ್ಯಾಸದ ಸಹಾಯವುಂಟು. ಅನ್ನವಿಲ್ಲದ ಮನೆಯಲ್ಲಿ ಬೇರೆ ಮಾತೇ ಹೊರಡದು; ಆದ್ದರಿಂದ ಇವೆಲ್ಲ ಅತ್ಯವಶ್ಯ. ಆದರೆ ಆ ಕಲ್ಲುಗಳಲ್ಲಿ ಮಡಿದವನ ಹೆಸರು, ಕೊಟ್ಟವನ ಹೆಸರು, ಊರುಗಳ ಹೆಸರು ಎಲ್ಲವೂ ಇದ್ದು, ಮನೆಯಲ್ಲಿ ಉಳಿದ ಕೂಸು ಏನು ಕೇಳಿತು, ಅದಕ್ಕೆ ಯಾರು ಏನು ಹೇಳಿದರು ಎಂಬುದು ಮಾತ್ರ ಇಲ್ಲ.

ಇಲ್ಲಿ ಒಂದು ಶಾಸ್ತ್ರವಿಚಾರವನ್ನು ಪ್ರಸ್ತಾಪಿಸಬೇಕು. ಕ್ಷತ್ರಧರ್ಮದಿಂದ ಯುದ್ಧದಲ್ಲಿ ಹತನಾದವನ ವಿಷಯದಲ್ಲಿ ಆಶೌಚವು ಕೂಡಲೇ ಮುಗಿಯುತ್ತದೆ, ಆತನಿಗೆ ಯಜ್ಞವೇ ಪೂರ್ಣವಾದಂತೆ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಹೇಳಿದೆ. ಇದರ ವಿನಿಯೋಗದಲ್ಲಿ ನಿಬಂಧಕಾರರ ಚರ್ಚೆ ಬಹಳವಾಗಿದ್ದು ಅದು ಇಲ್ಲಿ ಅಪ್ರಕೃತ. ನಾವು ಗಮನಿಸಬೇಕಾದದ್ದು ಇಷ್ಟೇ: ಸ್ಮೃತಿಯು ಮೊಟಕುಗೊಳಿಸಿದ್ದು ಆಶೌಚವನ್ನು, ಶೋಕವನ್ನಲ್ಲ. ಆಶೌಚವು ದಿನಗಳ ಲೆಕ್ಕಕ್ಕೆ ಒಳಪಟ್ಟದ್ದು. ಹನ್ನೆರಡನೆಯ ದಿನ ಸಪಿಂಡೀಕರಣ, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ ಎಂದು ಹೇಳಬಹುದು. ಶೋಕಕ್ಕೆ ಅಂಥ ಪಂಚಾಂಗವಿಲ್ಲ. ಹಿರಿಯರು ಈ ಎರಡನ್ನೂ ಒಂದೇ ಎಂದು ಬಗೆದು, ಶುಭಸ್ವೀಕಾರವಾಯಿತು ಇನ್ನು ಅಳಬಾರದು ಎಂದು ಮಗುವನ್ನು ಗದರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅದಕ್ಕೆ ಶಾಸ್ತ್ರದ ಆಧಾರವಿಲ್ಲ.

ಮಗುವಿಗೆ ಹೇಳಬೇಕೇ, ಬೇಡವೇ ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಮೊದಲ ದಿನವೇ ಏಳುತ್ತದೆ. ಈ ವಿಷಯದಲ್ಲಿ ಮಹಾಭಾರತದ ಆಶ್ವಮೇಧಿಕ ಪರ್ವದ ಒಂದು ಪ್ರಸಂಗವು, ನಮ್ಮ ಪ್ರವಚನಗಳಲ್ಲಿ ವಿರಳವಾಗಿ ಬರುವಂಥದು, ಬಹಳ ಉಪಕಾರಿಯಾಗಿದೆ. ಯುದ್ಧವೆಲ್ಲ ಮುಗಿದ ಮೇಲೆ ಶ್ರೀಕೃಷ್ಣನು ದ್ವಾರಕೆಗೆ ಹಿಂತಿರುಗುತ್ತಾನೆ. ತಂದೆಯಾದ ವಸುದೇವನು ಯುದ್ಧದ ವೃತ್ತಾಂತವನ್ನು ಹೇಳೆನ್ನಲು, ಭಗವಂತನು ಭೀಷ್ಮ, ದ್ರೋಣ, ಕರ್ಣ, ಶಲ್ಯರ ಪತನವನ್ನೆಲ್ಲ ಕ್ರಮವಾಗಿ ವರ್ಣಿಸಿ, ಅಭಿಮನ್ಯುವಿನ ಮರಣವೊಂದನ್ನು ಬಿಟ್ಟುಬಿಡುತ್ತಾನೆ. ಮುದುಕನಾದ ತಂದೆಯು ಮೊಮ್ಮಗನ ಸುದ್ದಿಯನ್ನು ತಾಳಲಾರನೆಂಬ ಕರುಣೆ. ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಸುಭದ್ರೆಯು ಸುಮ್ಮನಿರಲಿಲ್ಲ. ನನ್ನ ಮಗನ ಸಾವನ್ನು ಹೇಳಣ್ಣಾ ಎಂದು ಕೇಳಿ ನೆಲಕ್ಕೆ ಬಿದ್ದಳು. ಆಗ ವಸುದೇವನು ಆಕ್ಷೇಪಿಸಿದನು: ಸತ್ಯವಂತನೆಂದು ಲೋಕದಲ್ಲಿ ಹೆಸರಾದ ನೀನು ನನಗೇಕೆ ಇದನ್ನು ಮುಚ್ಚಿಟ್ಟೆ? ಅನಂತರ ಶ್ರೀಕೃಷ್ಣನು ಎಲ್ಲವನ್ನೂ ಹೇಳಿದನು. ಅಭಿಮನ್ಯುವು ಬೆನ್ನು ತೋರಲಿಲ್ಲವೆಂದೂ, ಅನೇಕರು ಒಬ್ಬನನ್ನು ಮುತ್ತಿ ಕೊಂದರೆಂದೂ ಹೇಳಿದನು. ಕೇಳಿದವರು ಅತ್ತರು, ಆಮೇಲೆ ಶ್ರಾದ್ಧವನ್ನು ಮಾಡಿದರು. ಕ್ರಮವನ್ನು ಗಮನಿಸಿರಿ. ಮೊದಲು ಸುದ್ದಿ, ಅನಂತರ ಅಳು, ಅನಂತರ ಕರ್ಮ. ನಮ್ಮ ಮನೆಗಳಲ್ಲಿ ಮಕ್ಕಳ ಪಾಲಿಗೆ ಮೊದಲನೆಯದನ್ನು ಬಿಟ್ಟು, ಎರಡನೆಯದನ್ನು ತಡೆದು, ಮೂರನೆಯದಕ್ಕೆ ಮಾತ್ರ ದರ್ಭೆ ಕೊಟ್ಟು ಕೂರಿಸುತ್ತೇವೆ.

ಸುದ್ದಿಯೇ ಬಾರದಿದ್ದರೆ? ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಮನೆಯಲ್ಲಿ ಆದದ್ದು ಇದು. 1965ರ ಸೆಪ್ಟೆಂಬರ್ 7ರಂದು ಭಾರತೀಯ ವಾಯುಸೇನೆಯ ಮಿಸ್ಟಿಯರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ದಿನ ಮೀಸಲು ಪಟ್ಟಿಯಲ್ಲಿದ್ದವರು. ಒಂದು ವಿಮಾನವು ಹಿಂದುಳಿದಾಗ ತಾವು ಸೇರಿಕೊಂಡರು. ದಾಳಿಗೆ ಹೋದವರು ಮರಳಿದಾಗ ದೇವಯ್ಯನವರು ಅವರಲ್ಲಿರಲಿಲ್ಲ. ಬಿದ್ದದ್ದನ್ನು ಕಂಡವರಿಲ್ಲ, ಸೆರೆಯಾದರೆಂಬ ವರ್ತಮಾನವಿಲ್ಲ, ದೇಹವೂ ಸಿಗಲಿಲ್ಲ. ಅವರಿಗೆ ಮೂವತ್ತೆರಡು ವರ್ಷ; ಮನೆಯಲ್ಲಿ ಪತ್ನಿ ಸುಂದರಿಯವರು, ಇಬ್ಬರು ಹೆಣ್ಣುಮಕ್ಕಳು.

ಹದಿನಾಲ್ಕು ವರ್ಷಗಳ ಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಆ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯಿಂದ ಸಂಗ್ರಹಿಸಿದ ವಿವರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದನ್ನು, ಅದಕ್ಕಿಂತ ಬಹಳ ನಿಧಾನವಾದ ಮಿಸ್ಟಿಯರ್ ವಿಮಾನವೊಂದು ಅಂದು ಹೊಡೆದುರುಳಿಸಿದ್ದು ಅದರಿಂದ ತಿಳಿಯಿತು. ಆ ವಿಮಾನ ದೇವಯ್ಯನವರದಲ್ಲದೆ ಬೇರೆಯದಾಗಲು ಸಾಧ್ಯವಿರಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ದೊರೆಯಿತು. ಸುಂದರಿಯವರು ಅದನ್ನು ಸ್ವೀಕರಿಸಿದರು. ಅಲ್ಲಿನ ಹಳ್ಳಿಗರು ಅವರ ದೇಹವನ್ನು ಹೊಲದಲ್ಲಿ ಹೂಳಿದ್ದರೆಂಬುದೂ ಪಾಕಿಸ್ತಾನದವರ ಬರಹಗಳಿಂದಲೇ ಮುಂದೆ ಗೊತ್ತಾಯಿತು. ಇಪ್ಪತ್ತಮೂರು ವರ್ಷಗಳು! ಅಷ್ಟರಲ್ಲಿ ಆ ಮಕ್ಕಳು ಶಾಲೆಯನ್ನು ಮುಗಿಸಿ ದೊಡ್ಡವರಾಗಿದ್ದರು.

ಇಂಥ ಅಗಲಿಕೆಯನ್ನು ಅಮೆರಿಕದ ಪಾಲಿನ್ ಬಾಸ್ ಎಂಬ ವಿದುಷಿಯು 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳಲ್ಲಿ ಅಭ್ಯಸಿಸಿದರು. ಇರುವನೋ ಇಲ್ಲವೋ ತಿಳಿಯದ ತಂದೆಗಾಗಿ ದುಃಖಿಸುವುದು ಹೇಗೆಂದು ಮನೆಯವರಿಗೇ ತೋಚುವುದಿಲ್ಲ; ಅತ್ತರೆ ಆತನನ್ನು ತಾವೇ ಕೊಂದಂತೆ, ಅಳದಿದ್ದರೆ ಮರೆತಂತೆ. ನಮ್ಮ ಹಿಂದಿನವರಿಗೂ ಈ ಸಂಕಟ ತಿಳಿಯದ್ದಲ್ಲ. ದೇಶಾಂತರ ಹೋಗಿ ವಾರ್ತೆಯಿಲ್ಲದವನಿಗಾಗಿ ಹನ್ನೆರಡು ವರ್ಷಗಳ ನಿರೀಕ್ಷಣೆಯನ್ನೂ, ದೇಹವು ದೊರೆಯದಾಗ ಪಲಾಶದ ಎಲೆಗಳಿಂದಲೋ ದರ್ಭೆಯಿಂದಲೋ ಪ್ರತಿಕೃತಿಯನ್ನು ರಚಿಸಿ ಸಂಸ್ಕರಿಸುವುದನ್ನೂ ಧರ್ಮಶಾಸ್ತ್ರವು ವಿಧಿಸಿತು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದು, 2023ರ ಹೊಸ ಕಾಯಿದೆಯಲ್ಲಿಯೂ ಉಳಿದುಕೊಂಡಿರುವ ಏಳು ವರ್ಷಗಳ ನಿಯಮವೂ ಇದೇ ಜಾತಿಯದು. ಎಲೆಯ ಗೊಂಬೆಗೆ ಬೆಂಕಿಯಿಡುವುದನ್ನು ಇಂದಿನ ವಿದ್ಯಾವಂತರು ಕಂದಾಚಾರವೆಂದು ನಗುವುದುಂಟು. ಇಪ್ಪತ್ತಮೂರು ವರ್ಷ ಬಾಗಿಲ ಸದ್ದಿಗೆ ಕಿವಿಗೊಟ್ಟ ಮನೆಯವರು ನಗಲಾರರೆಂದು ನನ್ನ ಎಣಿಕೆ.

ಬಚ್ಚಿಟ್ಟ ಸತ್ಯವು ಎಂದಾದರೂ ಹೊರಬೀಳುವುದು, ಬಹುಮಟ್ಟಿಗೆ ಹೊತ್ತಲ್ಲದ ಹೊತ್ತಿನಲ್ಲಿ. ಸ್ತ್ರೀಪರ್ವದ ಕೊನೆಯಲ್ಲಿ ಗಂಗಾತೀರದಲ್ಲಿ ಜಲತರ್ಪಣ ನಡೆಯುತ್ತಿರುವಾಗಲೇ ಕುಂತಿಯು, ಕರ್ಣನಿಗೂ ನೀರು ಬಿಡಿರಿ, ಆತನು ನಿಮ್ಮ ಅಣ್ಣ ಎನ್ನುತ್ತಾಳೆ. ಯುಧಿಷ್ಠಿರನ ಸಂತಾಪವು ಶಾಂತಿಪರ್ವದ ಆರಂಭದವರೆಗೂ ಹರಿಯುತ್ತದೆ. ಅಲ್ಲಿ ಆತನು ನಾರದರಿಗೆ ಹೇಳುವ ಮಾತು ಮನಮುಟ್ಟುವಂಥದು: ಸಭೆಯಲ್ಲಿ ಕರ್ಣನು ಕಟುವಾಗಿ ಮಾತನಾಡಿದಾಗಲೂ, ಅವನ ಪಾದಗಳನ್ನು ನೋಡಿದೊಡನೆ ತನ್ನ ಕೋಪವು ಇಳಿಯುತ್ತಿತ್ತಂತೆ, ಆ ಪಾದಗಳು ತಾಯಿಯ ಪಾದಗಳಂತಿದ್ದುವು, ಏಕೆಂದು ಹುಡುಕಿದರೂ ಕಾರಣ ತಿಳಿಯಲಿಲ್ಲವಂತೆ. ಮನೆಯಲ್ಲಿ ಹೇಳದೆ ಉಳಿಸಿದ್ದನ್ನು ಮಕ್ಕಳು ಹೀಗೆಯೇ ಕಂಡುಕೊಂಡಿರುತ್ತಾರೆ. ಅಜ್ಜಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದು, ನೆರೆಯವರು ತನ್ನನ್ನು ಕಂಡು ಮಾತು ನಿಲ್ಲಿಸಿದ್ದು, ತಾಯಿಯ ಹಣೆ, ಎಲ್ಲವನ್ನೂ ಅದು ನೋಡಿದೆ. ಅರ್ಥ ಮಾತ್ರ ತಿಳಿದಿಲ್ಲ.

ಎಷ್ಟನೆಯ ವಯಸ್ಸಿಗೆ ಎಷ್ಟು ತಿಳಿಯುತ್ತದೆ? ಹಂಗೇರಿ ದೇಶದ ಮಾರಿಯಾ ನಾಜ್ ಎಂಬವರು ಬುಡಾಪೆಸ್ಟ್ ಸುತ್ತಿನ ಮಕ್ಕಳನ್ನು ವಿಚಾರಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷಕ್ಕಿಂತ ಚಿಕ್ಕವರಿಗೆ ಸಾವೆಂದರೆ ಪ್ರಯಾಣ ಅಥವಾ ನಿದ್ದೆ. ಐದರಿಂದ ಒಂಬತ್ತರವರೆಗೆ ಅದು ಯಾರೋ ಬಂದು ಒಯ್ಯುವುದು. ಒಂಬತ್ತು ದಾಟಿದ ಮೇಲೆಯೇ ಅದು ಎಲ್ಲರಿಗೂ ಬರುವಂಥದು, ಹಿಂದಿರುಗದಂಥದು ಎಂಬ ತಿಳಿವಳಿಕೆ. ದೇಶಕಾಲಗಳಿಂದ ಇದರಲ್ಲಿ ವ್ಯತ್ಯಾಸಗಳಿರಬಹುದು. ಆದರೆ ಇದರಿಂದ ಒಂದು ಮಾತು ಸಿದ್ಧವಾಗುತ್ತದೆ. ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಮಗುವಿಗೆ ಆ ಸುದ್ದಿ ಒಂದೇ ಸಲ ಬರುವುದಿಲ್ಲ. ಏಳರಲ್ಲಿ ಮತ್ತೊಮ್ಮೆ ಬರುತ್ತದೆ, ಹತ್ತರಲ್ಲಿ ಇನ್ನೊಮ್ಮೆ. ಉಪನಯನದ ದಿನ ತಂದೆಯ ಸ್ಥಾನದಲ್ಲಿ ಚಿಕ್ಕಪ್ಪ ಕುಳಿತು ಮಂತ್ರೋಪದೇಶ ಮಾಡುವಾಗ, ಮದುವೆಯಲ್ಲಿ ಸೋದರಮಾವ ಧಾರೆಯೆರೆಯುವಾಗ ಪುನಃ ಬರುತ್ತದೆ. ಅಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಅಳುತ್ತಾಳೆ ಎಂದು ಬಂಧುಗಳು ಆಶ್ಚರ್ಯಪಡುವರು. ಆಕೆಗೆ ಅದು ಈಗ ತಾನೆ ತಿಳಿದಿದೆ. ಅಪ್ಪ ನಿದ್ದೆ ಮಾಡುತ್ತಿದ್ದಾರೆ, ಡ್ಯೂಟಿಗೆ ಹೋಗಿದ್ದಾರೆ ಎಂದು ಸಮಾಧಾನ ಹೇಳುವುದೂ ಇದೇ ಕಾರಣದಿಂದ ಅಪಾಯಕರ. ಚಿಕ್ಕ ಮಗು ಅದನ್ನು ಮಾತಿಗೆ ಮಾತಾಗಿ ನಂಬಿ, ತಾಯಿ ಮಲಗಿದರೆ ಹೆದರುತ್ತದೆ, ಇಲ್ಲವೇ ರಜೆಗಾಗಿ ಕಾಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮಕ್ಕಳನ್ನು ನೋಡಿಕೊಂಡ ಆನಾ ಫ್ರಾಯ್ಡ್ ಹಾಗೂ ಡೊರೊತಿ ಬರ್ಲಿಂಗ್‌ಹ್ಯಾಂ ಅವರು ಕಂಡದ್ದೂ ಸ್ಮರಣೀಯ: ಬಾಂಬಿನ ಸದ್ದಿಗಿಂತ ತಾಯಿತಂದೆಯರ ಅಗಲಿಕೆಯೇ ಮಕ್ಕಳನ್ನು ಹೆಚ್ಚು ಕೆಡಿಸಿತು. ಆದುದರಿಂದ ಉಳಿದಿರುವ ತಾಯಿಯನ್ನು, ವಿಶ್ರಾಂತಿಯ ನೆಪದಿಂದ ಮಗುವಿನಿಂದ ಬೇರ್ಪಡಿಸಿ ತವರಿಗೆ ಕಳುಹಿಸುವುದು ಯುಕ್ತವಲ್ಲ.

ಶೋಕಕ್ಕೆ ಅವಕಾಶವಿಲ್ಲದಿದ್ದಲ್ಲಿ ಏನಾಗುವುದೆಂಬುದಕ್ಕೆ ಭಾರತವೇ ನಿದರ್ಶನವನ್ನು ಒದಗಿಸಿದೆ. ತಂದೆಯಾದ ದ್ರೋಣನ ವಧೆಯಿಂದ ಕನಲಿದ ಅಶ್ವತ್ಥಾಮನು ಹದಿನೆಂಟನೆಯ ದಿನದ ರಾತ್ರಿ ಮಲಗಿದ್ದ ಪಾಂಚಾಲರನ್ನೂ ದ್ರೌಪದೀಪುತ್ರರನ್ನೂ ಸಂಹರಿಸಿದನು. ಅಶ್ವತ್ಥಾಮನು ರುದ್ರಾಂಶಸಂಭೂತನೆಂದು ಶ್ರೀಮದಾಚಾರ್ಯರು ತಾತ್ಪರ್ಯನಿರ್ಣಯದಲ್ಲಿ ನಿರ್ಣಯಿಸಿರುವುದರಿಂದ ಆತನ ದೋಷವನ್ನೆಣಿಸುವುದು ನಮ್ಮ ಕೆಲಸವಲ್ಲ. ಪ್ರಸಂಗದ ನೀತಿಯನ್ನಷ್ಟೇ ತೆಗೆದುಕೊಳ್ಳುತ್ತೇವೆ. ಆ ರಾತ್ರಿ ಸೋದರಮಾವನಾದ ಕೃಪಾಚಾರ್ಯರು, ಈ ಹೊತ್ತು ಮಲಗು, ಬೆಳಗ್ಗೆ ಧೃತರಾಷ್ಟ್ರ ಗಾಂಧಾರಿ ವಿದುರರನ್ನು ಕೇಳೋಣ ಎಂದು ತಡೆದರು. ಆತನು ಕೇಳಲಿಲ್ಲ. ಅನಂತರ ಪ್ರಯೋಗಿಸಿದ ಅಸ್ತ್ರವು ಉತ್ತರೆಯ ಗರ್ಭದ ಕಡೆಗೆ ತಿರುಗಿತು. ತಂದೆಯನ್ನು ಕಳೆದುಕೊಂಡ ಒಬ್ಬ ಮಗನ ಕೋಪವು ಹೋಗಿ ತಗಲಿದ್ದು, ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡಿದ್ದ ಇನ್ನೊಂದು ಶಿಶುವಿಗೆ.

ಆ ಶಿಶುವೇ ಶ್ರೀಕೃಷ್ಣನಿಂದ ರಕ್ಷಿತನಾದ ಪರೀಕ್ಷಿತ. ಗರ್ಭದಲ್ಲಿ ಕಂಡ ಆ ಪುರುಷನೇ ಇವನಿರಬಹುದೇ ಎಂದು ಎದುರಿಗೆ ಬಂದ ಪ್ರತಿಯೊಬ್ಬರನ್ನೂ ಪರೀಕ್ಷಿಸಿ ನೋಡುತ್ತಿದ್ದುದರಿಂದ ಆ ಹೆಸರು ಬಂತೆಂದು ಭಾಗವತವು ಹೇಳುತ್ತದೆ. ಅದು ಭಗವಂತನನ್ನು ಕುರಿತ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೂ ತಂದೆಯ ಮುಖವನ್ನೇ ಕಾಣದ ಕೂಸು ಬಂದವರ ಮುಖವನ್ನೆಲ್ಲ ನಿಟ್ಟಿಸುವುದನ್ನು ಕಂಡವರಿಗೆ ಆ ವಾಕ್ಯವನ್ನು ಓದುವಾಗ ಗಂಟಲು ಕಟ್ಟುವುದು ಸಹಜ. ಇನ್ನೂ ವಿಶೇಷವೆಂದರೆ, ಯುಧಿಷ್ಠಿರನು ಮಹಾಪ್ರಸ್ಥಾನಕ್ಕೆ ಹೊರಡುವಾಗ ಈ ಪರೀಕ್ಷಿತನನ್ನು ಶಿಷ್ಯನನ್ನಾಗಿ ಒಪ್ಪಿಸಿದ್ದು ಯಾರಿಗೆ? ಅದೇ ಕೃಪಾಚಾರ್ಯರಿಗೆ, ಆ ರಾತ್ರಿ ಅಶ್ವತ್ಥಾಮನೊಡನೆ ಶಿಬಿರದ ಬಾಗಿಲಲ್ಲಿ ನಿಂತಿದ್ದವರಿಗೆ. ಪಾಂಡವರು ಮಗುವಿಗೆ ವೈರವನ್ನು ಬಳುವಳಿ ಕೊಡಲಿಲ್ಲ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನಿಗೆ, ದೊಡ್ಡವನಾಗಿ ನಿನ್ನಪ್ಪನ ಸೇಡು ತೀರಿಸು ಎಂದು ಮೀಸೆ ತಿರುವಿ ಹೇಳುವ ಬಂಧುಗಳು ಈ ಭಾಗವನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ವೀರನ ಮಗು ಅಳಬಾರದೆಂಬ ಮಾತೂ ಇದರ ನೆಂಟನೇ. ಪದಕವು ನಿಜವಾದ ಗೌರವ. ಕರ್ನಲ್ ವಸಂತರಿಗೆ 2008ರ ಗಣರಾಜ್ಯೋತ್ಸವದಲ್ಲಿ ಸಂದ ಅಶೋಕ ಚಕ್ರವು ಇಡೀ ಕರ್ನಾಟಕಕ್ಕೆ ಹೆಮ್ಮೆ ತಂದಿತು. ಆದರೆ ಹೆಮ್ಮೆಯು ಊರಿನವರದು, ತಂದೆಯು ಮಕ್ಕಳ ಪಾಲಿನವರು. ಅವರ ಪತ್ನಿ ಸುಭಾಷಿಣಿಯವರು ನೃತ್ಯಕಲಾವಿದೆ. ‘ವಸಂತರತ್ನ’ ಎಂಬ ಪ್ರತಿಷ್ಠಾನವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿ, ತಮ್ಮಂತೆಯೇ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸ್ತ್ರೀಯರಿಗೂ ಅವರ ಮಕ್ಕಳಿಗೂ ಒತ್ತಾಸೆಯಾಗಿ ನಿಂತರು. ಒಂದೇ ಬಗೆಯ ದುಃಖವುಳ್ಳ ಮಕ್ಕಳು ಒಂದೆಡೆ ಸೇರಿದಾಗ, ಯಾರಿಗೂ ವಿವರಿಸುವ ಅವಶ್ಯಕತೆಯಿಲ್ಲದೆ ಆಡಿಕೊಳ್ಳಬಲ್ಲರು. ತಿಂಗಳುಗಟ್ಟಲೆ ಊಟ ನಿದ್ದೆಗಳು ಕೆಟ್ಟರೆ, ಓದು ಪೂರ್ಣ ನಿಂತುಹೋದರೆ, ನಮ್ಮ ಬಡಾವಣೆಗಳ ಮಗ್ಗುಲಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ವಿಭಾಗಕ್ಕೆ ಕರೆದೊಯ್ಯಲು ಸಂಕೋಚಪಡಬಾರದು. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದಿಲ್ಲವೇ?

ಇನ್ನು ಕರ್ಮದ ವಿಚಾರ. ಉಪನಯನವಾಗದ ಬಾಲಕನು ವೇದವನ್ನು ಉಚ್ಚರಿಸಬಾರದೆಂಬ ನಿಯಮಕ್ಕೆ ಮನುಸ್ಮೃತಿಯು ಒಂದೇ ಒಂದು ಅಪವಾದವನ್ನು ಇಟ್ಟಿದೆ. ಪಿತೃಗಳಿಗೆ ಸ್ವಧಾಕಾರದಿಂದ ಅರ್ಪಿಸುವ ಸಂದರ್ಭ. ಮಗು ಚಿಕ್ಕದೆಂದು ಶಾಸ್ತ್ರವು ಆತನನ್ನು ಹೊರಗೆ ಕೂರಿಸಲಿಲ್ಲ. ಹೆಣ್ಣುಮಕ್ಕಳು ತರ್ಪಣ ಬಿಡುವ ಅಧಿಕಾರದ ಚರ್ಚೆ ಹಿರಿಯ ಪಂಡಿತರಿಗೆ ಸೇರಿದ್ದು. ಆದರೆ ಚಿಕ್ಕಪ್ಪನೋ ಅಜ್ಜನೋ ಎಳ್ಳುನೀರು ಬಿಡುವಾಗ ಪಕ್ಕದಲ್ಲಿ ಕುಳಿತು ತಂದೆಯ ಹೆಸರನ್ನು ಕೇಳುವುದಕ್ಕೆ ಯಾವ ನಿಷೇಧವನ್ನೂ ನಾನು ಓದಿಲ್ಲ. ಹೆಸರು ಕೇಳುವುದೆಂದರೆ ಅಲ್ಪವೇನಲ್ಲ. ತಂದೆ, ತಾತ, ಮುತ್ತಾತ ಎಂದು ವಸು ರುದ್ರ ಆದಿತ್ಯ ರೂಪದ ಮೂವರನ್ನು ಸಾಲಾಗಿ ಹೇಳುವಾಗ, ನಿನ್ನೆಯವರೆಗೆ ಆ ಸಾಲಿನಲ್ಲಿಲ್ಲದ ಹೆಸರು ಇಂದು ಮೊದಲಿಗೆ ಬರುತ್ತದೆ. ಅಪ್ಪ ಎಲ್ಲಿ ಎಂಬುದಕ್ಕೆ ಮನೆಯವರು ಹೇಳಲಾರದ ಉತ್ತರವನ್ನು ಮಂತ್ರವು ನೇರವಾಗಿಯೇ ಹೇಳಿಬಿಡುತ್ತದೆ.

ನಮ್ಮ ತಂದೆಯವರು ಪೌರೋಹಿತ್ಯ ನಡೆಸುತ್ತಿದ್ದಾಗ ಒಂದು ಪಕ್ಷಮಾಸದಲ್ಲಿ, ಆರೇಳು ವರ್ಷದ ಹುಡುಗನು, ಈ ನೀರು ಅಪ್ಪನಿಗೆ ಹೇಗೆ ಹೋಗುತ್ತದೆ ಎಂದು ಕೇಳಿದ್ದನು. ಸುತ್ತಲಿದ್ದವರು ಹುಷ್ ಎಂದು ಬಾಯಿ ಮುಚ್ಚಿಸಿದರು. ತಂದೆಯವರು ತರ್ಪಣವನ್ನು ನಿಲ್ಲಿಸಿ, ಸಾವಿರ ಹಸುಗಳ ನಡುವೆಯೂ ಕರು ತನ್ನ ತಾಯಿಯನ್ನು ಹುಡುಕಿಕೊಂಡು ಹೋಗುವಂತೆ ಇದೂ ಅವರನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಹಳೆಯ ದೃಷ್ಟಾಂತವನ್ನು ಹೇಳಿದರು. ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ನಾನೂ ಬಿಡುತ್ತೇನೆ ಎಂದನು. ತಂದೆಯವರು ಅವನ ಅಂಗೈಯನ್ನು ಹಿಡಿದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಪಿತೃತೀರ್ಥವನ್ನು ತೋರಿಸಿ, ಎಳ್ಳು ಎಷ್ಟು ಹಾಕಬೇಕೆಂದು ಹೇಳಿಕೊಟ್ಟರು. ಅಂದಿನ ಸಾಲು ಅರ್ಧ ಗಂಟೆ ತಡವಾಯಿತು; ಕೆಲವರು ಗೊಣಗಿದರು.

ಘಾತಚತುರ್ದಶಿಯಂದು ಬರುವ ಕುಟುಂಬದವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರದೆ ಜೊತೆಯಲ್ಲಿಯೇ ಕರೆತರಬೇಕೆಂದು ವಿಜ್ಞಾಪನೆ. ಮಕ್ಕಳಿಗೆ ಹಿಂದಿನ ರಾತ್ರಿಯೇ, ನಾಳೆ ಎಲ್ಲಿಗೆ ಹೋಗುತ್ತೇವೆ, ಏನು ಮಾಡುತ್ತೇವೆ, ಯಾರಿಗಾಗಿ ಎಂಬುದನ್ನು ಮನೆಮಾತಿನಲ್ಲಿ ತಿಳಿಸಿರಬೇಕು. ಅವರು ಮಧ್ಯದಲ್ಲಿ ಎದ್ದು 놀ಾಡಬಾರದೆಂಬ ಕಟ್ಟುನಿಟ್ಟು ಬೇಡ; ಅಂಗಳದಲ್ಲಿ ಆಡಿಕೊಂಡು ಬಂದು ಮತ್ತೆ ಕುಳಿತರೂ ಲೋಪವಿಲ್ಲ. ಪ್ರಶ್ನೆ ಕೇಳಿದರೆ ಪುರೋಹಿತರು ಉತ್ತರಿಸುವರು.

ಶ್ರೀಕೃಷ್ಣಾರ್ಪಣಮಸ್ತು